ಹಳೆಯ ಕಂಪ್ಯೂಟರಿನ ಹೊರೆ ಯಾವುದು?



ಕನ್ನಡ ಮಾಧ್ಯಮದ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಶಿಕ್ಷಕರ ನೇಮಕ, ತಮಿಳು ಕಲಿಕೆ ಇವೇ ಈ ಪುಟದಲ್ಲಿ ನಾವು ಪದೇ ಪದೇ ಚರ್ಚಿಸುವ ವಿಷಯಗಳು. ಇಂದು ನಾನು ಬರೆಯಹೊರಟಿರುವುದು ಮನೆಯ ಹಳೆಯ ಕಂಪ್ಯೂಟರಿನ ಬಗ್ಗೆ. ಕನ್ನಡ ಎಂ.ಎ. ಓದಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನಿಗೆ ಯಂತ್ರದ ಉಸಾಬರಿ ಏಕೆಂದು ಕೆಲವರಿಗೆ ಅನ್ನಿಸಬಹುದು. ದಯವಿಟ್ಟು ಕೊನೆಯವರೆಗೆ ಓದಿ. ನಮ್ಮ ಮಕ್ಕಳ ಭಾಷೆಗೂ ಈ ಯಂತ್ರದ ನಿಧಾನಕ್ಕೂ ಒಂದು ಸಂಬಂಧ ಕಲ್ಪಿಸಲಾಗುತ್ತಿದೆ. ಆ ಸಂಬಂಧ ನಿಜವೇ ಎಂದು ಪರೀಕ್ಷಿಸುವುದು ನಮ್ಮೆಲ್ಲರ ಕೆಲಸ.

ತಾಳವಾಡಿ ತಾಲ್ಲೂಕಿನ ಅನೇಕ ಮನೆಗಳಲ್ಲಿ ಒಂದೊಂದು ಹಳೆಯ ಲ್ಯಾಪ್‌ಟಾಪ್ ಇದೆ. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ಹೈಯರ್ ಸೆಕೆಂಡರಿ ಹಾಗೂ ಕಾಲೇಜು ವಿದ್ಯಾರ್ಥಿಗಳಿಗೆ ಉಚಿತವಾಗಿ ಲ್ಯಾಪ್‌ಟಾಪ್ ನೀಡುವ ಯೋಜನೆಯನ್ನು ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿತು. ನಮ್ಮ ಮನೆಗೆ ಅದು ಬಂದದ್ದು ನನ್ನ ಕಿರಿಯ ಮಗ ಪ್ಲಸ್ ಟೂ ಓದುತ್ತಿದ್ದಾಗ. ರ‍್ಯಾಮ್ 2 ಜಿಬಿ, ಹಾರ್ಡ್‌ಡಿಸ್ಕ್ 320 ಜಿಬಿ. ಬ್ಯಾಟರಿ ಸತ್ತು ವರ್ಷಗಳಾದವು. ಈಗ ಕರೆಂಟಿದ್ದರೆ ಮಾತ್ರ ಅದಕ್ಕೆ ಜೀವ. ಅಂದು ಅದನ್ನು ಎದೆಗವಚಿಕೊಂಡು ಬಂದ ಹುಡುಗ ಇಂದು ಊರು ಬಿಟ್ಟು ದುಡಿಯುತ್ತಿದ್ದಾನೆ. ಯಂತ್ರ ಮಾತ್ರ ಮನೆಯಲ್ಲಿಯೇ ಉಳಿದು, ಏಳನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಪಾಲಿಗೆ ಬಂದಿದೆ.

ನಮ್ಮಂಥವರಿಗೆ ಈ ಯಂತ್ರ ಆಡಂಬರದ ವಸ್ತುವಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಇಲ್ಲಿಯೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದು ಈ ನೆಲದಲ್ಲಿಯೇ ಆದರೂ, ಒಂದು ಕನ್ನಡ ನಿಘಂಟು ಬೇಕೆಂದರೆ ಗಡಿ ದಾಟಿ ಚಾಮರಾಜನಗರಕ್ಕೆ ಹೋಗಬೇಕು. ಇತ್ತ 27 ತಿರುವುಗಳ ದಿಂಬಂ ಘಟ್ಟ ಇಳಿದು ಸತ್ಯಮಂಗಲಕ್ಕೆ ಕನ್ನಡ ಪುಸ್ತಕ ಹುಡುಕಿಕೊಂಡು ಹೋದವರನ್ನು ನಾನು ಕಂಡಿಲ್ಲ. ಹೀಗಿರುವಾಗ ಕನ್ನಡ ಓದಬಲ್ಲ, ಬರೆಯಬಲ್ಲ ಒಂದು ಕಂಪ್ಯೂಟರು ಮನೆಯಲ್ಲಿದ್ದರೆ ಅದು ಮಗುವಿಗೆ ಒಂದು ಸಣ್ಣ ಗ್ರಂಥಾಲಯವೇ ಸರಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಇಳಿಸಿಕೊಂಡು ಓದಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಒಮ್ಮೆ ಇಳಿಸಿಟ್ಟುಕೊಂಡರೆ, ನೆಟ್‌ವರ್ಕ್ ಇಲ್ಲದ ದಿನವೂ ಪುಟ ತಿರುವಿದಂತೆ ನೋಡಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದೆ. ಇಷ್ಟೆಲ್ಲ ಇದ್ದೂ ಯಂತ್ರ ಏಳದಿದ್ದರೆ ಪ್ರಯೋಜನವೇನು?

ನಮ್ಮ ಮನೆಯದು ಏಳಲು ಏಳು ನಿಮಿಷ ತೆಗೆದುಕೊಳ್ಳುತ್ತಿತ್ತು. ಸ್ವಿಚ್ ಒತ್ತಿದ ಗಳಿಗೆಯಿಂದ ಕನ್ನಡದಲ್ಲಿ ಒಂದು ಸಾಲು ಬರೆಯಲು ಸಾಧ್ಯವಾಗುವವರೆಗಿನ ಹೊತ್ತು ಅದು. ಗಡಿಯಾರ ಹಿಡಿದು ನೋಡಿದ ಲೆಕ್ಕ. ಅಷ್ಟರಲ್ಲಿ ಮಗುವಿನ ಮನಸ್ಸು ಅಂಗಳಕ್ಕೆ ಓಡಿರುತ್ತದೆ. ದುರಸ್ತಿಯ ಅಂಗಡಿಯೊಂದಕ್ಕೆ ಒಯ್ದಾಗ ಅಲ್ಲಿನ ಯುವಕ ನೋಡಿ ಹೇಳಿದ ಮಾತು ಇದು: "ಒಂದಕ್ಕೆ ಮೂರು ಭಾಷೆ ತುಂಬಿಟ್ಟಿದ್ದೀರಿ ಸಾರ್, ಫಾಂಟು, ಕೀಬೋರ್ಡು ಎಲ್ಲ ಜಾಸ್ತಿಯಾಗಿದೆ. ಕನ್ನಡ, ತಮಿಳು ತೆಗೆದು ಬರೀ ಇಂಗ್ಲಿಷ್ ಹಾಕಿಕೊಡುತ್ತೇನೆ, ಫ್ರೀ ಆಗುತ್ತದೆ." ನಾನು ಯಂತ್ರವನ್ನು ಹಾಗೆಯೇ ಹಿಂದಕ್ಕೆ ತಂದೆ.

ಅದೇ ವಾರ ಸಂತೆಯಲ್ಲಿ ಸಿಕ್ಕ ಪೋಷಕರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೇ, ಕೇಳಿದರು: "ಮೇಷ್ಟ್ರೇ, ಮಗೀಗೆ ತಮಿಳೂ ಇದೆ, ಇಂಗ್ಲೀಷೂ ಇದೆ. ಕನ್ನಡ ಬುಡಿಸ್ಬುಟ್ರೆ ಹೊರೆ ಕಮ್ಮಿ ಆಯ್ತದಲ್ವಾ?"

ಎರಡು ಮಾತುಗಳೂ ಒಂದೇ ಅಚ್ಚಿನವು. ನಿಧಾನವಿದೆ, ಕಾರಣವನ್ನು ಯಾರೂ ನೋಡಿಲ್ಲ, ಆದರೆ ತೆಗೆಯಬೇಕಾದದ್ದು ಯಾವುದೆಂಬುದು ಮಾತ್ರ ಆಗಲೇ ನಿರ್ಧಾರವಾಗಿಬಿಟ್ಟಿದೆ. ಮಗುವಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಯಂತ್ರವನ್ನು ನೋಡೋಣ, ಏಕೆಂದರೆ ಯಂತ್ರದಲ್ಲಿ ಹೊರೆಯನ್ನು ಅಳೆದು ನೋಡಬಹುದು.

ಮಗ ಫೋನಿನಲ್ಲಿ ಹೇಳಿದಂತೆ ನಾನೂ ಮೊಮ್ಮಗಳೂ ಕುಳಿತು ಅಳೆದೆವು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಚಿಕ್ಕದಾಗಿ ಕಂಡರೆ 'ಮೋರ್ ಡೀಟೇಲ್ಸ್' ಒತ್ತಬೇಕು. ಯಾವ ತಂತ್ರಾಂಶ ಎಷ್ಟು ಸ್ಮೃತಿಯನ್ನು ತಿನ್ನುತ್ತಿದೆ, ಡಿಸ್ಕನ್ನು ಎಷ್ಟು ದುಡಿಸುತ್ತಿದೆ ಎಂಬ ಲೆಕ್ಕ ಹಾಜರಿ ಪುಸ್ತಕದಂತೆ ಸಾಲಾಗಿ ಕಾಣುತ್ತದೆ. ನಮ್ಮದರಲ್ಲಿ ಸ್ಮೃತಿ ಬಹುಪಾಲು ತುಂಬಿಹೋಗಿತ್ತು. ಡಿಸ್ಕಿನ ಕೆಳಗೆ ನೂರು ಪ್ರತಿಶತ ಎಂದು ಕೆಂಪಾಗಿತ್ತು.

ಇದರ ಅರ್ಥವನ್ನು ಸರಳವಾಗಿ ಹೇಳುತ್ತೇನೆ. ರ‍್ಯಾಮ್ ಎಂದರೆ ನಾವು ಬರೆಯುವ ಮೇಜು. ಹಾರ್ಡ್‌ಡಿಸ್ಕ್ ಎಂದರೆ ಪಕ್ಕದ ಕೋಣೆಯ ಬೀರು. ಮೇಜು ಚಿಕ್ಕದಾಗಿ ಪುಸ್ತಕಗಳು ಹೆಚ್ಚಾದರೆ ಕೆಲವನ್ನು ಬೀರುವಿನಲ್ಲಿಟ್ಟು, ಬೇಕಾದಾಗ ಎದ್ದು ಹೋಗಿ ತರಬೇಕಾಗುತ್ತದೆ. ವಿಂಡೋಸ್ ಮಾಡುವುದೂ ಅದನ್ನೇ. ಸ್ಮೃತಿ ಸಾಲದಾದಾಗ ಒಂದಷ್ಟನ್ನು ಡಿಸ್ಕಿನ ಮೇಲಿರುವ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗಿಸಿ ಮತ್ತೆ ಹಿಂದಕ್ಕೆ ತರುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ರ‍್ಯಾಮಿಗಿಂತ ಬಹಳ ಪಟ್ಟು ನಿಧಾನ. ಮೇಷ್ಟರು ಪಾಠ ಮಾಡುವ ಬದಲು ಬೀರುವಿಗೂ ಮೇಜಿಗೂ ಓಡಾಡುತ್ತಲೇ ಇದ್ದರೆ ತರಗತಿ ನಡೆದಂತೆಯೇ! ನಮ್ಮ ಯಂತ್ರದಲ್ಲಿ ಯಾರೋ ಹಿಂದೆ ವಿಂಡೋಸ್ 10 ಹಾಕಿಸಿದ್ದರು. ಅದರ 64 ಬಿಟ್ ಆವೃತ್ತಿಗೆ ಕನಿಷ್ಠ ಬೇಕಾದದ್ದೇ 2 ಜಿಬಿ ರ‍್ಯಾಮ್. ಇದ್ದದ್ದೂ ಅಷ್ಟೇ. ಅಂದರೆ ಉಸಿರಾಡಲು ಮಾತ್ರ ಜಾಗ, ದುಡಿಯಲು ಇಲ್ಲ.

ಇನ್ನು ಆ ಸ್ಮೃತಿಯನ್ನು ತಿನ್ನುತ್ತಿದ್ದವರು ಯಾರು? ತೆರೆದಿಟ್ಟ ಬ್ರೌಸರಿನ ಪುಟಗಳು ನೂರಾರು ಎಂಬಿ. ಒಂದಲ್ಲ, ಎರಡು ಆಂಟಿವೈರಸ್. ಅವುಗಳಲ್ಲಿ ಒಂದರ ಅವಧಿ ಎಂದೋ ಮುಗಿದಿತ್ತು. 2020ರ ಕೊರೋನಾ ಕಾಲದ ಪಾಠಗಳಿಗೆಂದು ಹಾಕಿದ್ದ ವೀಡಿಯೋ ಕರೆಯ ತಂತ್ರಾಂಶ. ಮನೆಯಲ್ಲಿ ಈಗ ಇಲ್ಲವೇ ಇಲ್ಲದ ಒಂದು ಪ್ರಿಂಟರಿಗೆ ಸೇರಿದ ಸಹಾಯಕ. ಕನ್ನಡದ ಪಾಲು ಎಷ್ಟೆಂದು ಮೊಮ್ಮಗಳು ಹುಡುಕಿದಳು. ಕೀಲಿಮಣೆಯ ಭಾಷೆ ಬದಲಿಸುವ ಕೆಲಸ 'ಸಿಟಿಎಫ್ ಲೋಡರ್' ಎಂಬ ಹೆಸರಿನಲ್ಲಿ ಕಾಣುತ್ತದೆ. ಅದರ ಮುಂದೆ ಇದ್ದದ್ದು ಬೆರಳೆಣಿಕೆಯ ಎಂಬಿ. "ತಾತ, ಇದು ಏನೂ ತಿಂದೇ ಇಲ್ಲ" ಎಂದಳು. ಕನ್ನಡದ ಒಂದು ಫಾಂಟಿನ ಕಡತವೂ ಅಷ್ಟೇ. ಸಾಮಾನ್ಯವಾಗಿ ಅದು ಫೋನಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು.

ಹೀಗೆ ಕಾರಣ ತಿಳಿದ ಮೇಲೆ ಮಾಡಿದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇನೆ. ನೀವೂ ಇದೇ ಕ್ರಮದಲ್ಲಿ ಮಾಡಬಹುದು.

ಮೊದಲನೆಯದು, ಏನನ್ನೂ ಮುಟ್ಟುವ ಮೊದಲು ಮಕ್ಕಳ ಬರಹ, ಫೋಟೋ, ಪ್ರಮಾಣಪತ್ರಗಳ ಪ್ರತಿಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ.

ಎರಡನೆಯದು, ಟಾಸ್ಕ್ ಮ್ಯಾನೇಜರಿನಲ್ಲಿಯೇ 'ಸ್ಟಾರ್ಟ್‌ಅಪ್' ಎಂಬ ಪುಟವಿದೆ. ಯಂತ್ರ ಏಳುವಾಗಲೇ ಜೊತೆಗೆ ಎದ್ದು ಕೂರುವವರ ಪಟ್ಟಿ ಅದು. ಬೇಡದವುಗಳ ಮೇಲೆ ಬಲ ಗುಂಡಿ ಒತ್ತಿ 'ಡಿಸೇಬಲ್' ಮಾಡಿ. ಇದರಿಂದ ತಂತ್ರಾಂಶ ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ, ಅಷ್ಟೇ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆದುಹಾಕಿ. ವಿಂಡೋಸ್ 10ರಲ್ಲಿ ಡಿಫೆಂಡರ್ ಎಂಬ ಕಾವಲುಗಾರ ಜೊತೆಗೇ ಬರುತ್ತಾನೆ.

ಮೂರನೆಯದು, ಡಿಸ್ಕಿನಲ್ಲಿ ಜಾಗ ಬಿಡಿಸಿ. 'ಡಿಸ್ಕ್ ಕ್ಲೀನ್‌ಅಪ್' ಎಂಬ ಸಾಧನ ವಿಂಡೋಸ್‌ನಲ್ಲಿಯೇ ಇದೆ. ಡೌನ್‌ಲೋಡ್ಸ್ ಕೋಶದಲ್ಲಿ ಬಿದ್ದಿರುವ ವೀಡಿಯೋಗಳನ್ನು, ಕಸದ ಬುಟ್ಟಿಯನ್ನು ಖಾಲಿ ಮಾಡಿ. ಐದರಲ್ಲಿ ಒಂದು ಪಾಲಾದರೂ ಬರಿದಾಗಿದ್ದರೆ ಯಂತ್ರಕ್ಕೆ ಕೈಕಾಲು ಆಡಿಸಲು ಅನುಕೂಲ. ತಿರುಗುವ ಡಿಸ್ಕಿದ್ದರೆ ಆಗಾಗ 'ಡಿಫ್ರಾಗ್' ಮಾಡುವುದು ಒಳ್ಳೆಯದು. ಎಸ್‌ಎಸ್‌ಡಿ ಇದ್ದರೆ ಅದರ ಅಗತ್ಯವಿಲ್ಲ.

ನಾಲ್ಕನೆಯದು ನಮ್ಮ ಬೆಟ್ಟಕ್ಕೆ ವಿಶೇಷವಾಗಿ ಬೇಕಾದದ್ದು. ನಾವು ಬಹುಮಂದಿ ಫೋನಿನ ಹಾಟ್‌ಸ್ಪಾಟ್‌ನಿಂದಲೇ ಇಂಟರ್‌ನೆಟ್ ಪಡೆಯುತ್ತೇವೆ. ಸಿಕ್ಕಿದ ಸ್ವಲ್ಪ ಸಂಪರ್ಕವನ್ನು ಹಿನ್ನೆಲೆಯ ಡೌನ್‌ಲೋಡುಗಳು ನುಂಗುತ್ತಿದ್ದರೆ ಪಾಠದ ಪುಟ ತೆರೆಯುವುದಿಲ್ಲ. ವೈಫೈ ಸೆಟ್ಟಿಂಗಿನಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಆರಿಸಿದರೆ ವಿಂಡೋಸ್ ದೊಡ್ಡ ಕಡತಗಳನ್ನು ತಾನಾಗಿ ಇಳಿಸುವುದನ್ನು ತಡೆಹಿಡಿಯುತ್ತದೆ. ಒಳ್ಳೆಯ ಸಂಪರ್ಕವಿರುವ ಊರಿಗೆ ಹೋದಾಗ ಭದ್ರತೆಯ ಅಪ್‌ಡೇಟುಗಳನ್ನು ಮರೆಯದೆ ಮಾಡಿಸಿಕೊಳ್ಳಿ.

ಐದನೆಯದು ಧೂಳು. ಹೊಲದ ಧೂಳು ಫ್ಯಾನಿನ ಕಿಂಡಿಯಲ್ಲಿ ಗಟ್ಟಿಯಾಗಿ ಕೂತರೆ ಒಳಗಿನ ಬಿಸಿ ಹೊರಗೆ ಹೋಗದು. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಗೊತ್ತಿರುವವರಿಂದ ಬಿಚ್ಚಿಸಿ ಶುಚಿ ಮಾಡಿಸಿ. ಹಾಸಿಗೆಯ ಮೇಲಿಟ್ಟು ಬಳಸಬೇಡಿ.

ಇಷ್ಟು ಮಾಡಿದ ಮೇಲೆ ಏಳು ನಿಮಿಷ ನಾಲ್ಕಕ್ಕೆ ಇಳಿಯಿತು. ಕನ್ನಡವನ್ನು ಮುಟ್ಟಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಯಂತ್ರದ ವೇಗ ಹೆಚ್ಚಿಸುವ ಸಲಹೆಗಳು ಎಲ್ಲೆಡೆ ದೊರೆಯುತ್ತವೆ. ಅವುಗಳನ್ನು ಬರೆದವರ ಕಣ್ಣ ಮುಂದೆ ಇರುವುದು ಒಂದೇ ಭಾಷೆಯ ಬಳಕೆದಾರ. ಅವನಿಗೆ ಬೇಡವಾದದ್ದು ನಮಗೆ ಬೇಕಾದದ್ದೇ ಆಗಿರುತ್ತದೆ. ಮೂರು ಉದಾಹರಣೆ ಕೊಡುತ್ತೇನೆ.

ದೃಶ್ಯ ಅಲಂಕಾರಗಳನ್ನೆಲ್ಲ ತೆಗೆಯಿರಿ ಎಂಬುದು ಪ್ರಸಿದ್ಧ ಸಲಹೆ. ವಿಂಡೋಸ್‌ನಲ್ಲಿ ಪರ್ಫಾರ್ಮೆನ್ಸ್ ಆಪ್ಷನ್ಸ್ ತೆರೆದು 'ಅಡ್ಜಸ್ಟ್ ಫಾರ್ ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದರೆ ಎಲ್ಲ ಗುರುತುಗಳೂ ಒಮ್ಮೆಗೇ ಹೋಗುತ್ತವೆ. ಸಲಹೆ ಒಳ್ಳೆಯದೇ. ಆದರೆ ಆ ಪಟ್ಟಿಯಲ್ಲಿರುವ 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್' ಎಂಬುದಕ್ಕೆ ಮತ್ತೆ ಗುರುತು ಹಾಕಿ. ಇಂಗ್ಲಿಷಿನ ನೇರ ಗೆರೆಗಳ ಅಕ್ಷರಕ್ಕೆ ಅದಿಲ್ಲದಿದ್ದರೂ ನಡೆದೀತು. ನಮ್ಮದು ದುಂಡಕ್ಷರ. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು. 'ರಾಷ್ಟ್ರ' ಎಂದು ಬರೆದರೆ ಷಕಾರದ ಕೆಳಗೆ ಎರಡು ಒತ್ತುಗಳು. ಅಂಚು ಒರಟಾದರೆ ಮಗುವಿಗೆ ಕಾಣುವುದು ಚುಕ್ಕೆಗಳ ಗುಂಪು. ಅಲ್ಪಪ್ರಾಣ, ಮಹಾಪ್ರಾಣ ಕಲಿಯುವ ವಯಸ್ಸಿನಲ್ಲಿ ಅಕ್ಷರವೇ ಸ್ಪಷ್ಟವಾಗಿ ಕಾಣದಿದ್ದರೆ ತಪ್ಪನ್ನು ಮಗುವಿನ ತಲೆಗೆ ಕಟ್ಟುವಂತಿಲ್ಲ.

ಹೆಚ್ಚುವರಿ ಫಾಂಟುಗಳನ್ನು ಅಳಿಸಿ ಎಂಬುದು ಇನ್ನೊಂದು ಸಲಹೆ. ನಮ್ಮ ಶಾಲೆಗಳ ಹಳೆಯ ಪ್ರಶ್ನೆಪತ್ರಿಕೆ, ಟಿಪ್ಪಣಿಗಳಲ್ಲಿ ಹಲವು ಯೂನಿಕೋಡ್ ಬರುವ ಮೊದಲಿನ ರೀತಿಯ ನುಡಿ ಅಥವಾ ಬರಹ ಫಾಂಟಿನಲ್ಲಿವೆ. ಆ ಫಾಂಟು ಹೋದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿಬಿಡುವವರೂ ಇದ್ದಾರೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದಲ್ಲಿಯೇ ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸುವ ಸೌಲಭ್ಯವಿದೆ. ಮೊದಲು ಪರಿವರ್ತಿಸಿ, ಒಮ್ಮೆ ಓದಿ ನೋಡಿ, ಆಮೇಲೆ ಮುಂದಿನ ಮಾತು.

ಬೇಡದ ಭಾಷೆಗಳನ್ನು ತೆಗೆಯಿರಿ ಎಂಬುದು ಮೂರನೆಯದು. ಲಿನಕ್ಸ್‌ನಲ್ಲಿ ಕಸ ಗುಡಿಸಲು ಬಳಸುವ ಬ್ಲೀಚ್‌ಬಿಟ್ ಎಂಬ ತಂತ್ರಾಂಶದಲ್ಲಿ 'ಲೋಕಲೈಸೇಷನ್ಸ್' ಎಂಬ ಆಯ್ಕೆಯೇ ಇದೆ. ಉಳಿಸಬೇಕಾದ ಭಾಷೆಗಳಲ್ಲಿ ಕನ್ನಡವನ್ನು ನೀವಾಗಿ ಗುರುತಿಸದಿದ್ದರೆ ಅದೂ ಕಸದೊಂದಿಗೆ ಹೋಗುತ್ತದೆ. ಯಾರ ದ್ವೇಷವೂ ಇದರಲ್ಲಿಲ್ಲ. ನಮ್ಮ ಹೆಸರನ್ನು ನಾವು ಬರೆಸದಿದ್ದರೆ ಪಟ್ಟಿಯಲ್ಲಿ ನಾವಿರುವುದಿಲ್ಲ, ಅಷ್ಟೇ. ಅಲ್ಪಸಂಖ್ಯಾತರಿಗೆ ಇದು ಹೊಸ ಪಾಠವೇನಲ್ಲ.

ಮುಂದಿನ ಹಂತ ಖರ್ಚಿನದು. ರ‍್ಯಾಮನ್ನು 4 ಜಿಬಿಗೆ ಏರಿಸಿ, ತಿರುಗುವ ಡಿಸ್ಕಿನ ಬದಲು ಒಂದು ಎಸ್‌ಎಸ್‌ಡಿ ಹಾಕಿಸಿದೆವು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಬೇಕಾದದ್ದು ತಕ್ಷಣ ಕೈಗೆ ಸಿಗುತ್ತದೆ. ಹಳೆಯ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಔಷಧ ಬೇರಿಲ್ಲ. ಎರಡರಲ್ಲಿ ಒಂದನ್ನೇ ಮಾಡಿಸಲು ಸಾಧ್ಯವಾದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಯಂತ್ರಕ್ಕೆ ಯಾವ ಬಗೆಯದು ಹೊಂದುತ್ತದೆ ಎಂದು ಕೇಳಿ, ಎರಡು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ.

ಡಿಸ್ಕ್ ಬದಲಿಸಿದಾಗ ಯಾವ ಆಪರೇಟಿಂಗ್ ಸಿಸ್ಟಮ್ ಎಂಬ ಪ್ರಶ್ನೆ ಬಂತು. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ಮುಗಿದಿದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮಲ್ಲದೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಹತ್ತು ಹನ್ನೆರಡು ವರ್ಷದ ಹಿಂದಿನ ಯಂತ್ರಗಳಲ್ಲಿ ಅದಿರುವುದಿಲ್ಲ. ಹಾಗೆಂದು ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಕನಿಷ್ಠ 2 ಜಿಬಿ ರ‍್ಯಾಮಿನಲ್ಲಿ ನಡೆಯುತ್ತದೆ, 4 ಇದ್ದರೆ ಸಲೀಸು. ಹಣ ಕೊಡಬೇಕಾಗಿಲ್ಲ. ಪೆನ್‌ಡ್ರೈವಿನಿಂದಲೇ ಚಲಾಯಿಸಿ, ಒಗ್ಗಿದರೆ ಮಾತ್ರ ಡಿಸ್ಕಿಗೆ ಹಾಕಿಕೊಳ್ಳಬಹುದು.

ಲಿನಕ್ಸ್ ಎಂದೊಡನೆ ಹೆದರಬೇಡಿ. ನಮ್ಮ ಸರ್ಕಾರದ ಲ್ಯಾಪ್‌ಟಾಪುಗಳಲ್ಲಿಯೇ ವಿಂಡೋಸ್ ಜೊತೆ ಬಾಸ್ ಎಂಬ ಲಿನಕ್ಸ್ ಇದ್ದದ್ದು ಹಲವರಿಗೆ ನೆನಪಿರಬಹುದು. ಭಾರತೀಯ ಭಾಷೆಗಳಿಗಾಗಿ ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ರೂಪಿಸಿದ ವ್ಯವಸ್ಥೆ ಅದು. ಪಕ್ಕದ ಕೇರಳದಲ್ಲಿ ಶಾಲಾ ಕಂಪ್ಯೂಟರ್ ಶಿಕ್ಷಣ ವರ್ಷಗಳಿಂದ ಲಿನಕ್ಸ್‌ನಲ್ಲಿಯೇ ನಡೆಯುತ್ತಿದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾದ ಯೋಜನೆ ಇಂದು ಕೈಟ್ ಎಂಬ ಸಂಸ್ಥೆಯಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ, ನಮ್ಮಂತೆಯೇ ಭಾಷಾ ಅಲ್ಪಸಂಖ್ಯಾತರು, ಅದರಲ್ಲಿಯೇ ಕಲಿಯುತ್ತಿದ್ದಾರೆ. ಅವರಿಗೆ ಆಗುವುದು ನಮಗೇಕಾಗದು?

ಕನ್ನಡ ಬರೆಯಲು ಲಿನಕ್ಸ್‌ನಲ್ಲಿ ಐಬಸ್ ಎಂಬ ಸಾಧನಕ್ಕೆ ಎಂ17ಎನ್ ಎಂಬ ಕಟ್ಟನ್ನು ಸೇರಿಸಿದರೆ 'ಕೆಜಿಪಿ' ಎಂಬ ವಿನ್ಯಾಸ ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದ ಆಧಾರದಲ್ಲಿ ಗಣಕ ಪರಿಷತ್ತು ಬಳಕೆಗೆ ತಂದ ನುಡಿ ಕೀಲಿಮಣೆಯೇ ಇದು. ನುಡಿಯಲ್ಲಿ ಕೈ ಪಳಗಿದವರು ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ಓದಲು ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳಿವೆ. ವಿಂಡೋಸ್ 10ರಲ್ಲಿಯೇ ಉಳಿಯುವವರಿಗೆ 2019ರಿಂದೀಚೆಗಿನ ಆವೃತ್ತಿಗಳಲ್ಲಿ ಕನ್ನಡ ಫೊನೆಟಿಕ್ ಕೀಲಿಮಣೆ ಜೊತೆಗೇ ಬಂದಿದೆ; ಸೆಟ್ಟಿಂಗಿನಲ್ಲಿ ಕನ್ನಡ ಭಾಷೆಯನ್ನು ಸೇರಿಸಿಕೊಂಡರೆ ಸಾಕು.

ಇಷ್ಟೆಲ್ಲ ಆದ ಮೇಲೆ ಯಂತ್ರ ಒಂದು ನಿಮಿಷದೊಳಗೆ ಏಳುತ್ತಿದೆ. ಆಗ ಒಂದು ಪರೀಕ್ಷೆ ಮಾಡಿದೆವು. ಕೀಲಿಮಣೆಯಲ್ಲಿ ಇಂಗ್ಲಿಷ್ ಒಂದನ್ನೇ ಇಟ್ಟು ಹೊತ್ತನ್ನು ಅಳೆದೆವು. ಆಮೇಲೆ ಕನ್ನಡಕ್ಕೆ ನುಡಿ, ತಮಿಳಿಗೆ ತಮಿಳುನಾಡು ಸರ್ಕಾರ ಅಂಗೀಕರಿಸಿರುವ ತಮಿಳು 99, ಜೊತೆಗೆ ಇಂಗ್ಲಿಷ್, ಹೀಗೆ ಮೂರನ್ನೂ ಇಟ್ಟು ಮತ್ತೆ ಅಳೆದೆವು. ಗಡಿಯಾರಕ್ಕೆ ವ್ಯತ್ಯಾಸ ಗೊತ್ತಾಗಲಿಲ್ಲ. ಮೂರು ಭಾಷೆಗಳು ಒಂದೇ ಮೇಜಿನ ಮೇಲೆ ಜಗಳವಿಲ್ಲದೆ ಇರಬಲ್ಲವು; ಬೇಕಾದದ್ದು ಬೇಕಾದಾಗ ಮುಂದೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬದ ಬಗ್ಗೆ ಮೊಮ್ಮಗಳು ಕನ್ನಡದಲ್ಲಿ ಒಂದೂವರೆ ಪುಟ ಬರೆದಳು. ಅನಂತರ ಅದರ ಸಾರಾಂಶವನ್ನು ತಮಿಳಿನಲ್ಲಿ ಬರೆದು ತನ್ನ ತಮಿಳು ಶಿಕ್ಷಕಿಗೆ ತೋರಿಸಿದಳು. ಹೇಳಬೇಕಾದದ್ದು ಒಂದು ಭಾಷೆಯಲ್ಲಿ ಸ್ಪಷ್ಟವಾಗಿದ್ದರಿಂದಲೇ ಇನ್ನೊಂದಕ್ಕೆ ಸಾಗಿಸಲು ಅವಳಿಗೆ ಸುಲಭವಾಯಿತು.

ಈಗ ಸಂತೆಯಲ್ಲಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಯಂತ್ರದ ಹೋಲಿಕೆಯಿಂದ ಮಗುವಿನ ವಿಷಯ ಸಿದ್ಧವಾಗುವುದಿಲ್ಲ, ಮಗು ಯಂತ್ರವಲ್ಲ. ಆದರೆ ನೋಡುವ ಕ್ರಮ ಎರಡಕ್ಕೂ ಒಂದೇ. ಮಗು ನಿಧಾನವಾಗಿದ್ದರೆ ಮೊದಲು ಕಾರಣ ನೋಡಿ. ಮಗು ಎಷ್ಟು ದೂರ ನಡೆದು ಶಾಲೆಗೆ ಬರುತ್ತದೆ? ಬೆಳಗ್ಗೆ ಹೊಟ್ಟೆಗೆ ಏನು ಬಿದ್ದಿದೆ? ಕಣ್ಣು ಸರಿಯಾಗಿ ಕಾಣುತ್ತದೆಯೇ? ಪುಸ್ತಕ ಸಕಾಲಕ್ಕೆ ಕೈಸೇರಿದೆಯೇ? ವಿಷಯವನ್ನು ಕನ್ನಡದಲ್ಲಿ ಹೇಳಿಕೊಡಬಲ್ಲ ಶಿಕ್ಷಕರು ಇದ್ದಾರೆಯೇ? ಮನೆಯಲ್ಲಿ ಓದಲು ಬೆಳಕು, ಕೂರಲು ಒಂದು ಮೂಲೆ ಇದೆಯೇ? ನಾನು ತರಗತಿಯಲ್ಲಿ ಕಂಡ ನಿಧಾನದ ಮಕ್ಕಳಲ್ಲಿ ಬಹುಪಾಲು ಈ ಪ್ರಶ್ನೆಗಳಲ್ಲಿಯೇ ಸಿಕ್ಕಿಕೊಂಡಿದ್ದವರು. ಮನೆಯ ಮಾತು ಬಂದದ್ದರಿಂದ ಹಿಂದೆ ಬಿದ್ದ ಒಂದು ಮಗುವನ್ನೂ ನಾನು ಕಂಡಿಲ್ಲ. ಮನೆಯ ಮಾತಿನಲ್ಲಿ ಓದು ಬರಹ ಗಟ್ಟಿಯಾಗುವ ಮೊದಲೇ ಅದನ್ನು ಬಿಡಿಸಿದಾಗ, ಯಾವ ಭಾಷೆಯಲ್ಲಿಯೂ ಪೂರ್ತಿ ನಿಲ್ಲಲಾರದೆ ತೊದಲಿದ ಮಕ್ಕಳನ್ನು ಕಂಡಿದ್ದೇನೆ.

ಇದು ನನ್ನೊಬ್ಬನ ಮಾತಲ್ಲ. ಮಗುವಿಗೆ ಕಲಿಸಲು ಅತ್ಯುತ್ತಮ ಮಾಧ್ಯಮ ಮಾತೃಭಾಷೆಯೆಂದು ಯುನೆಸ್ಕೋದ ತಜ್ಞರ ವರದಿ 1953ರಲ್ಲಿಯೇ ಹೇಳಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಸೇರಿದ ವಿಧಿ ಅದು. ಇನ್ನು ತಮಿಳು: 2006ರ ಕಾಯ್ದೆಯ ಪ್ರಕಾರ ಒಂದನೆಯ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಕಡ್ಡಾಯವಾದ ಭಾಷೆ ಅದು. ನಾವು ಬಾಳುವ ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಗೌರವದಿಂದ, ಚೆನ್ನಾಗಿ ಕಲಿಯಬೇಕು. ಅದಕ್ಕಾಗಿ ಕನ್ನಡವನ್ನು ಖಾಲಿ ಮಾಡಿ ಜಾಗ ಕೊಡಬೇಕಾಗಿಲ್ಲ. ಮಗುವಿನ ತಲೆ 320 ಜಿಬಿಯ ಡಿಸ್ಕಲ್ಲ, ಒಂದು ತೆಗೆದರೆ ಮಾತ್ರ ಇನ್ನೊಂದಕ್ಕೆ ಸ್ಥಳ ಎನ್ನಲು.

ಆ ಪೋಷಕರಿಗೆ ನಾನು ಸಂತೆಯಲ್ಲಿ ನಿಂತು ಭಾಷಣ ಮಾಡಲಿಲ್ಲ. "ಮಗೂನ ಕರ್ಕೊಂಡು ಭಾನುವಾರ ಮನೆಗೆ ಬಾಪ್ಪಾ, ಆ ಲ್ಯಾಪ್‌ಟಾಪೂ ತತ್ತಾ" ಎಂದೆ. ಬಂದರು. ಮಗುವಿಗೆ ಗಣಿತದ ಲೆಕ್ಕ ಬರುತ್ತಿತ್ತು, ಲೆಕ್ಕದ ವಾಕ್ಯ ಅರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದಾಗ ಮೂರು ಲೆಕ್ಕ ತಾನೇ ಬಿಡಿಸಿತು. ತಂದೆ ಸುಮ್ಮನೆ ನೋಡುತ್ತಿದ್ದರು. ಕನ್ನಡ ಬಿಡಿಸುವ ವಿಚಾರವನ್ನು ಅವರು ಸದ್ಯಕ್ಕೆ ಮುಂದಕ್ಕೆ ಹಾಕಿದ್ದಾರೆ. ಅಷ್ಟು ಸಾಕು, ಉಳಿದದ್ದು ಮಗುವೇ ಹೇಳೀತು.

ಬಂಧುಗಳೇ, ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಅಟ್ಟದ ಮೇಲಿರುವ ಆ ಹಳೆಯ ಲ್ಯಾಪ್‌ಟಾಪನ್ನು ಈ ರಜೆಯಲ್ಲಿ ಕೆಳಗಿಳಿಸಿ. ಮೇಲೆ ಹೇಳಿದ ಐದು ಕೆಲಸಗಳಿಗೆ ಒಂದು ಮಧ್ಯಾಹ್ನ ಸಾಕು. ದುರಸ್ತಿಗೆ ಕೊಡುವುದಾದರೆ 'ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಇರಬೇಕು' ಎಂದು ಚೀಟಿಯಲ್ಲಿ ಬರೆದು ಯಂತ್ರದ ಮೇಲೆ ಅಂಟಿಸಿ ಕೊಡಿ. ಫಾಂಟು ಅಥವಾ ಕೀಲಿಮಣೆ ಕೈಕೊಟ್ಟರೆ ಇಲ್ಲಿಯೇ ಕೇಳಿ, ಬಲ್ಲವರು ಉತ್ತರಿಸುತ್ತಾರೆ. ಸಾಧ್ಯವಾದರೆ ಪ್ರಶ್ನೆಯನ್ನು ನಿಮ್ಮ ಮಗುವಿನ ಕೈಯಿಂದ, ಆ ಯಂತ್ರದಲ್ಲಿಯೇ, ಕನ್ನಡದಲ್ಲಿ ಬರೆಸಿ ಕಳಿಸಿ.